ಇಪ್ಪತ್ತನಾಲ್ಕು ಮಿಲಿಮೀಟರ್ ತೂತು

ಪ್ರಶ್ನೆ ಕೇಳುವವರಿಗೆ ಈ ಲೋಕದಲ್ಲಿ ಎಂದೂ ಬರಗಾಲ ಬಂದಿಲ್ಲ. ಬರ ಇರುವುದೆಲ್ಲ ಉತ್ತರ ಹೇಳುವವರಿಗೆ. ಆ ಬರವನ್ನು ನೀಗಿಸಲೆಂದೇ ಆ ದೊಡ್ಡ ಬಸ್ ನಿಲ್ದಾಣದಲ್ಲಿ ಒಂದು ಗಾಜಿನ ಕಿಟಕಿ, ಕಿಟಕಿಯಲ್ಲೊಂದು ಅರ್ಧಚಂದ್ರಾಕಾರದ ಕಂಡಿ, ಕಂಡಿಯ ಹಿಂದೆ ಒಬ್ಬ ಮನುಷ್ಯ, ಮನುಷ್ಯನ ತಲೆಯ ಮೇಲೆ 'ವಿಚಾರಣೆ' ಎಂಬ ಹಲಗೆಯನ್ನು ಇಟ್ಟಿದ್ದರು. ಹತ್ತೊಂಬತ್ತು ವರ್ಷದಲ್ಲಿ ಹಲಗೆಯ ಬಣ್ಣ ಹೋಗಿತ್ತು, ಹಲಗೆಯ ಹೆಸರು ಮಾತ್ರ ಮನುಷ್ಯನಿಗೆ ಅಂಟಿಕೊಂಡಿತ್ತು. ಊರಿಗೆಲ್ಲ ಅವರು 'ವಿಚಾರಣೆಯವರು'. ಅವರ ಹೆಂಡತಿಯೂ ಪಕ್ಕದ ಮನೆಯವರ ಹತ್ತಿರ, "ನಮ್ಮನೆ ವಿಚಾರಣೆಯವರು ಇನ್ನೂ ಬಂದಿಲ್ಲ ನೋಡಿ" ಅನ್ನುತ್ತಿದ್ದರು.

ಇಷ್ಟು ವರ್ಷ ಬರೀ ಉತ್ತರ ಹೇಳಿ ಹೇಳಿ ವಿಚಾರಣೆಯವರಿಗೆ ಒಂದು ತೊಂದರೆ ಆಗಿಬಿಟ್ಟಿತ್ತು. ಪ್ರಶ್ನೆ ಕೇಳುವುದು ಅವರಿಗೆ ಮರೆತೇ ಹೋಗಿತ್ತು. ಮರೆತಿದ್ದು ಮಾತ್ರವಲ್ಲ, ಅದು ತಮ್ಮ ಘನತೆಗೆ ಕಡಿಮೆ ಎಂದೂ ಅನ್ನಿಸತೊಡಗಿತ್ತು. ಒಮ್ಮೆ ಭಾವಮೈದುನನ ಹೊಸ ಮನೆ ಹುಡುಕಿಕೊಂಡು ಹೋದವರು ಯಾರನ್ನೂ ದಾರಿ ಕೇಳದೆ ಎರಡು ಗಂಟೆ ಸುತ್ತಿ, ಕೊನೆಗೆ ಒಂದು ಮನೆಯ ಒಳಗೆ ಹೋಗಿ ಕೂತು, ಟೀ ಕುಡಿದು, ಹಿಂದಿರುಗಿ ಬಂದರು. ಅದು ಯಾರ ಮನೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ತಾನೆ ಗೊತ್ತಾಗುವುದು?

ಇಂಥವರ ಎಡಗಿವಿ ಒಂದು ದಿನ ತುರಿಸತೊಡಗಿತು.

ತುರಿಕೆ ಶುರುವಾದ ಗಳಿಗೆಯೂ ಎಂಥದು ಅನ್ನುತ್ತೀರಿ! ವಿಚಾರಣೆಯವರ ಜೀವಮಾನದ ಆಸೆ ಕೈಗೆಟಕುವ ಹೊತ್ತು. ನಿಲ್ದಾಣದ ನಟ್ಟನಡುವೆ ಗಾಜಿನ ಗೂಡೊಂದಿತ್ತು. ಅದರೊಳಗೆ ಮೈಕಿನ ಮುಂದೆ ಮೂವತ್ತು ವರ್ಷದಿಂದ ಕೂತು, "ಪ್ರಯಾಣಿಕರ ಗಮನಕ್ಕೆ" ಎಂದು ಹೇಳುತ್ತಿದ್ದವರು ಘೋಷಣೆ ತಾತ. ಅವರಿಗೆ ನಿವೃತ್ತಿ ಬಂದಿತ್ತು. ಆ ಕುರ್ಚಿಗೆ ವಿಚಾರಣೆಯವರ ಹೆಸರು ಹೋಗಿ, ತಾತನ ಪಕ್ಕದಲ್ಲಿ ಕೂತು ಒಂದು ವಾರ ತರಬೇತಿಯೂ ಆಗಿತ್ತು. ಬಸ್ಸುಗಳು ಎಲ್ಲಿ ಬಂದವು, ಎಲ್ಲಿ ಕೆಟ್ಟು ನಿಂತವು ಎಂಬುದನ್ನು ನಿಯಂತ್ರಣ ಕೊಠಡಿಯವರು ತಾತನ ಹೆಡ್‌ಫೋನಿಗೆ ಹೇಳುತ್ತಾರೆ. ತಾತ ಅದನ್ನು ಊರಿಗೆ ಹೇಳುತ್ತಾರೆ. ಹಾಗಾಗಿ ಆ ಹುದ್ದೆಗೆ ಗಂಟಲಿಗಿಂತ ಕಿವಿಯೇ ಮುಖ್ಯ. ಆದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಇಪ್ಪತ್ತೈದನೇ ತಾರೀಖು ಕಿವಿ ಪರೀಕ್ಷೆ, ಪಾಸಾದರೆ ಮೈಕು. ಫೇಲಾದರೆ ಆ ಕುರ್ಚಿ ಟಿಕೆಟ್ ಕೌಂಟರಿನ ಸಿಳ್ಳೆಗೆ. ಈ ಸಿಳ್ಳೆ ಎಂಬಾತ ಚಿಲ್ಲರೆ ಎಣಿಸುವಾಗಲೂ, ಬೈಸಿಕೊಳ್ಳುವಾಗಲೂ ಸಿಳ್ಳೆ ಹೊಡೆಯುತ್ತಿದ್ದ ಪ್ರಾಣಿ. ಅವನು ಮೈಕಿನ ಮುಂದೆ ಕೂತರೆ ನಿಲ್ದಾಣದ ಗತಿ ಏನೆಂದು ನೆನೆದೇ ವಿಚಾರಣೆಯವರು ರಾತ್ರಿ ಎದ್ದು ಕೂರುತ್ತಿದ್ದರು.

ತುರಿಸಿದ ಕಿವಿಗೆ ಮೊದಲು ಪೆನ್ನಿನ ಕ್ಯಾಪು ಹೋಯಿತು. ಆಮೇಲೆ ಕೀಲಿಕೈ. ಆಮೇಲೆ ಭಾವಮೈದುನ ಕೊಟ್ಟ ಒಂದು ಸೀಸೆಯ ಹನಿ ಮೂರು ದಿನ, ನೆರೆಮನೆಯವರ ಇನ್ನೊಂದು ಸೀಸೆ ಎರಡು ದಿನ, ಅಂಗಡಿಯಿಂದ ತಾವೇ ತಂದ ಮತ್ತೊಂದು ನಾಲ್ಕು ದಿನ. ತುರಿಕೆ ಸ್ವಲ್ಪ ತಗ್ಗಿದ ಕೂಡಲೇ ಸೀಸೆಗೆ ಮುಚ್ಚಳ ಹಾಕುವುದು. ಹೆಚ್ಚಾದ ಕೂಡಲೇ ಬೇರೆ ಸೀಸೆಯ ಮುಚ್ಚಳ ತೆಗೆಯುವುದು. ಕೊನೆಗೆ ಕಿವಿಯೊಳಗೆ ಯಾರೋ ಹತ್ತಿ ತುರುಕಿ ಬಾಗಿಲು ಹಾಕಿಕೊಂಡ ಹಾಗಾದಾಗ ಹೆಂಡತಿಯೇ ಅವರನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ಡಾಕ್ಟರು ಕೊಳವೆಯೊಳಗೆ ದೀಪ ಹಾಕಿ ಇಣುಕಿ, "ಓಹೋಹೋ" ಅಂದರು. ಡಾಕ್ಟರ ಬಾಯಲ್ಲಿ ಕೇಳಬಾರದ ಶಬ್ದ ಅದೊಂದೇ.

"ಒದ್ದೆ ನ್ಯೂಸ್‌ಪೇಪರ್ ತುರುಕಿದ ಹಾಗಿದೆ. ಬೂಷ್ಟು ಕಣ್ರೀ, ಕರೀ ಬೂಷ್ಟು. ಬ್ರೆಡ್ಡಿನ ಮೇಲೆ ಬೆಳೆಯುತ್ತಲ್ಲ, ಆ ಜಾತಿದು. ಏನೇನು ಹಾಕಿದ್ರಿ ಇದಕ್ಕೆ?"

ಹೆಂಡತಿ ಚೀಲದಿಂದ ಮೂರು ಸೀಸೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಚೆನ್ನಾಗಿದೆ," ಅಂದರು ಡಾಕ್ಟರು. "ಮೂರಕ್ಕೂ ಅರ್ಧರ್ಧ ಏಟು ಹಾಕಿ ಬಿಟ್ಟಿದ್ದೀರಿ. ಅರ್ಧ ಏಟು ತಿಂದ ಹಾವು ಸುಮ್ಮನಿರುತ್ತಾ? ಇನ್ನು ಊಹೆ ಮೇಲೆ ಔಷಧಿ ಕೊಟ್ಟು ಪ್ರಯೋಜನ ಇಲ್ಲ. ಕಿವಿ ಕಸ ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅವರು ಬೂಷ್ಟನ್ನ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡ್ತಾರೆ. ರಿಪೋರ್ಟು ಎಂಟನೇ ತಾರೀಖು ಬರುತ್ತೆ. ನಾನು ಊರಲ್ಲಿರಲ್ಲ, ಹದಿನೆಂಟಕ್ಕೆ ಬರೋದು. ಯಾವುದು ಕೆಲಸ ಮಾಡುತ್ತೋ ಆ ಹನಿ ಶುರು ಮಾಡಿಬಿಡಿ, ಹತ್ತು ದಿನ ತಪ್ಪದೆ ಹಾಕಬೇಕು. ಅರ್ಥ ಆಗದಿದ್ರೆ ಲ್ಯಾಬಲ್ಲಿ ಕೇಳಿ."

ಹತ್ತು ದಿನ ಎಂದರೆ ಹದಿನೈದರೊಳಗೆ ಶುರುವಾಗಬೇಕು ಎಂದು ಹೆಂಡತಿ ಅಲ್ಲೇ ಬೆರಳು ಮಡಚಿದರು. ವಿಚಾರಣೆಯವರು ತಲೆಯಾಡಿಸಿದರು. ಡಾಕ್ಟರು ಹೇಳಿದ್ದರಲ್ಲಿ ಕೊನೆಯ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಅವರ ತಲೆಗೆ ಹೋಗಿತ್ತು.

ಎಂಟನೇ ತಾರೀಖು ಲ್ಯಾಬಿಗೆ ಹೋದರೆ, ಅಲ್ಲಿಯೂ ಒಂದು ಗಾಜಿನ ಕಿಟಕಿ, ಅರ್ಧಚಂದ್ರಾಕಾರದ ಕಂಡಿ. ಒಳಗೆ ಬಿಳಿ ಕೋಟಿನ ಲ್ಯಾಬಿನ ಹುಡುಗಿ. ಮಾತಾಡಬೇಕಾದಾಗಲೆಲ್ಲ ಕನ್ನಡಕ ಸರಿಮಾಡಿಕೊಂಡು ಆ ಅವಕಾಶ ಕಳೆದುಕೊಳ್ಳುವ ಜಾತಿಯವಳು. ಆ ಹೊತ್ತಿಗೆ ಅವಳು ಗಾಜಿನ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ಕೇಲಿನಿಂದ ಅಳೆಯುತ್ತಿದ್ದಳು. ತಟ್ಟೆಯ ಮೇಲೆ ವಿಚಾರಣೆಯವರ ನಂಬರು. ತಟ್ಟೆಯೊಳಗೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪೋ ಕಪ್ಪು. ನಡುನಡುವೆ, ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆದಾಗ ಉದುರುವ ಚೂರಿನಂಥ ಆರು ಬಿಳಿ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಔಷಧಿ. ನಾಲ್ಕು ಬಿಲ್ಲೆಗಳ ಸುತ್ತ ಏನೂ ಆಗಿರಲಿಲ್ಲ. ಐದನೆಯದರ ಸುತ್ತ ಸಣ್ಣದೊಂದು ಬಳೆ. ಆರನೆಯದರ ಸುತ್ತ ಮಾತ್ರ—ಅಬ್ಬಾ!—ದುಂಡಗೆ, ಬಯಲು ಬಯಲು, ಆಚೆ ಕಡೆಯ ಬೆಳಕು ಕಾಣುವಷ್ಟು ಚೊಕ್ಕ.

ವಿಚಾರಣೆಯವರು ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ತಟ್ಟೆಯಲ್ಲಿರುವುದು ನನ್ನ ಕಿವಿಯದೇ ಸರಕು. ಅದರ ಮೇಲೆ ಆರನೇ ಔಷಧಿ ಇಟ್ಟರು. ತೂತು ಬಿತ್ತು!

ಹುಡುಗಿ ರಿಪೋರ್ಟು ಕಂಡಿಯಿಂದ ಆಚೆ ದೂಡಿದಳು. ಆರು ಔಷಧಿಗಳ ಹೆಸರು. ಎಲ್ಲವೂ 'ಝೋಲ್', 'ಝೋಲ್' ಎಂದೇ ಮುಗಿಯುವ, ಒಂದೇ ಮನೆಯ ಅಣ್ಣತಮ್ಮಂದಿರಂಥ ಹೆಸರುಗಳು. ಎದುರಿಗೆ ವೃತ್ತದ ಅಗಲ, ಮಿಲಿಮೀಟರಿನಲ್ಲಿ: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂಬತ್ತು, ಇಪ್ಪತ್ತನಾಲ್ಕು.

"ಏನಾದ್ರೂ ಕೇಳೋದಿದ್ರೆ..." ಎಂದು ಹುಡುಗಿ ಕನ್ನಡಕ ಸರಿಮಾಡಿಕೊಂಡಳು.

"ಏನೂ ಇಲ್ಲ," ಅಂದರು ವಿಚಾರಣೆಯವರು ಗಂಭೀರವಾಗಿ. ಕಿಟಕಿಯ ಆ ಬದಿಯಲ್ಲಿ ನಿಂತು ಪ್ರಶ್ನೆ ಕೇಳುವ ಜನರನ್ನು ಅವರು ಬಹಳ ಕಂಡಿದ್ದರು; ಆ ಗುಂಪಿಗೆ ಸೇರುವ ಮನಸ್ಸಿರಲಿಲ್ಲ.

ಮನೆಗೆ ಬಂದವರೇ ಕಾಗದದ ಮೇಲೆ ಇಪ್ಪತ್ತನಾಲ್ಕು ಮಿಲಿಮೀಟರಿನ ವೃತ್ತ ಎಳೆದು, ಕತ್ತರಿಸಿ, ಕನ್ನಡಿಯ ಮುಂದೆ ನಿಂತು ಕಿವಿಗೆ ಹಿಡಿದರು. ಕಿವಿಯ ತೂತು ಮುಚ್ಚಿ ಹೋಗಿ ಇನ್ನೂ ಎರಡು ತೂತಿಗಾಗುವಷ್ಟು ಕಾಗದ ಉಳಿಯಿತು.

"ಏನ್ರೀ ಅದು?" ಅಂದರು ಹೆಂಡತಿ.

"ಇದು ನಾನು ಆರನೇ ನಂಬರ್ ಹನಿ ಹಾಕಿಕೊಂಡಿದ್ದರೆ ಆಗುತ್ತಿದ್ದ ಗತಿ. ಹುಷಾರಾಗಿ ನೋಡು."

"ಲ್ಯಾಬಿನವರು ಹಾಗಂತ ಹೇಳಿದ್ರಾ?"

"ಹೇಳೋದೇನು, ಕಣ್ಣಾರೆ ಕಂಡಿದ್ದೀನಿ."

"ಕೇಳಿದ್ರಾ ಅಂತ ನಾನು ಕೇಳ್ತಿರೋದು."

"ಹತ್ತೊಂಬತ್ತು ವರ್ಷ ಊರಿಗೆ ಉತ್ತರ ಹೇಳಿದವನು ನಾನು. ಒಂದು ಕಾಗದ ಓದೋಕೆ ಆಗಲ್ವಾ?"

ಹೆಂಡತಿ ಸುಮ್ಮನಿರದೆ ಪಕ್ಕದ ಮನೆಯ ಲೆಕ್ಕದ ಮೇಷ್ಟ್ರನ್ನು ಕರೆದರು. ಇದೇ ಎಡವಟ್ಟಾಯಿತು. ನಿವೃತ್ತರಾಗಿ ಆರು ವರ್ಷದಿಂದ ಲೆಕ್ಕ ಸಿಗದೆ ಒಣಗಿದ್ದ ಮೇಷ್ಟ್ರು ರಿಪೋರ್ಟನ್ನು ಕಂಡು ಹಸಿದವರ ಹಾಗೆ ಕೂತರು.

"ವ್ಯಾಸ ಇಪ್ಪತ್ತನಾಲ್ಕು. ತ್ರಿಜ್ಯ ಹನ್ನೆರಡು. ಕ್ಷೇತ್ರಫಲ ನಾನೂರ ಐವತ್ತೆರಡು ಚದರ ಮಿಲಿಮೀಟರ್, ಚಿಲ್ಲರೆ ಬಿಟ್ಟು. ಕಿವಿ ಕೊಳವೆ ಅಗಲ ಹೆಚ್ಚೆಂದರೆ ಏಳು. ಏಳರ ಕೊಳವೆಯಲ್ಲಿ ಇಪ್ಪತ್ತನಾಲ್ಕರ ತೂತು ಬಿದ್ದರೆ ಕೊಳವೆ ಎಲ್ಲಿ ಉಳೀತ್ರೀ?"

"ಅದನ್ನೇ ಹೇಳ್ತಿರೋದು ನಾನು!"

"ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡೋದು ಅಂತ ನನ್ನ ವಿದ್ಯಾರ್ಥಿಗಳಿಗೆ ಬೈತಿದ್ದೆ. ನಿಮ್ಮ ವಿಷಯದಲ್ಲಿ ಅದು ನಿಜವಾಗಿ ಆಗಿಬಿಡುತ್ತೆ. ನಡುವೆ ಅಡ್ಡ ಏನೂ ಇರಲ್ಲ."

"ನಡುವೆ ಏನಾದರೂ ಇದ್ದಿದ್ದರೆ ಈ ಕಾಗದ ತಗೊಂಡು ಲ್ಯಾಬಿಗೆ ವಾಪಸ್ಸು ಹೋಗ್ತಿದ್ರು," ಅಂದು ಹೆಂಡತಿ ಅಡುಗೆಮನೆಗೆ ಹೊರಟುಹೋದರು.

ಮೇಷ್ಟ್ರ ತೀರ್ಪು ಹೊರಬಿತ್ತು: ಸೊನ್ನೆ ತೂತಿನ ಮೊದಲ ನಾಲ್ಕು ಔಷಧಿ ಪರಮ ಸುರಕ್ಷಿತ. ಒಂದೇ ಯಾಕೆ, ನಾಲ್ಕನ್ನೂ ಹಾಕಬಹುದು. ನಾಲ್ಕು ಸೊನ್ನೆ ಕೂಡಿದರೂ ಸೊನ್ನೆಯೇ. ಗಣಿತದಲ್ಲಿ ಇದಕ್ಕೆ ಎದುರಿಲ್ಲ.

ವಿಚಾರಣೆಯವರು ಆ ಸಂಜೆಯೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. 'ಒಂದನೇ ನಂಬರ್: ಬೆಳಿಗ್ಗೆ ೬.೧೫. ಎರಡನೇ ನಂಬರ್: ೧೦.೩೦. ಮೂರನೇ ನಂಬರ್: ಮಧ್ಯಾಹ್ನ ೨.೪೫. ನಾಲ್ಕನೇ ನಂಬರ್: ಸಂಜೆ ೭.೦೦. ಎಲ್ಲವೂ ಎಡಗಿವಿ ಮಾರ್ಗವಾಗಿ. ಐದನೇ ನಂಬರ್: ವಿಶೇಷ ಸಂದರ್ಭಗಳಲ್ಲಿ ಮಾತ್ರ. ಆರನೇ ನಂಬರ್: ರದ್ದು.'

ಬೂಷ್ಟು ಇಷ್ಟು ಸಮಯಪಾಲನೆಯ ಆತಿಥ್ಯವನ್ನು ಎಲ್ಲೂ ಕಂಡಿರಲಿಲ್ಲ. ದಿನಕ್ಕೆ ನಾಲ್ಕು ಹೊತ್ತು ತಂಪು, ಕತ್ತಲು, ಒದ್ದೆ. ಎರಡೇ ದಿನದಲ್ಲಿ ಎಡಗಿವಿ ಮತ್ತೆ ಗಪ್ಪಾಯಿತು.

ಇಷ್ಟಕ್ಕೇ ನಿಂತಿದ್ದರೆ ಇದು ಒಂದು ಕಿವಿಯ ಕಥೆಯಾಗುತ್ತಿತ್ತು. ಆದರೆ ಉತ್ತರ ಸಿಕ್ಕವನು ಸುಮ್ಮನಿರುವುದಿಲ್ಲ. ಮೂರನೇ ದಿನ ಕೌಂಟರಿಗೆ ಕಿವಿಗೆ ಹತ್ತಿ ಇಟ್ಟುಕೊಂಡ ಅಜ್ಜಿಯೊಬ್ಬರು ಬಂದು, ತಮ್ಮ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಜ್ಜಿಯ ಕೈಯಲ್ಲಿ ಔಷಧಿ ಅಂಗಡಿಯ ಪೊಟ್ಟಣ. ಪೊಟ್ಟಣದಲ್ಲಿ ಆರನೇ ನಂಬರ್ ಸೀಸೆ!

"ತಾಯೀ, ಬಸ್ಸು ಹತ್ತೂಕಾಲಿಗೆ. ಆ ಸೀಸೆ ಮಾತ್ರ ಈಗಲೇ ವಾಪಸ್ಸು ಕೊಟ್ಟುಬಿಡಿ."

"ಯಾಕಪ್ಪಾ?"

"ತೂತು ಬೀಳುತ್ತೆ."

"ಸೀಸೆಗಾ?"

"ಕಿವಿಗೆ! ಇಪ್ಪತ್ತನಾಲ್ಕು ಮಿಲಿಮೀಟರ್. ಲ್ಯಾಬಿನ ರಿಪೋರ್ಟಿದೆ ನನ್ನ ಹತ್ತಿರ."

ಹಿಂದೆ ಸಾಲಿನಲ್ಲಿ ನಿಂತಿದ್ದ ಹತ್ತು ಜನರ ಇಪ್ಪತ್ತು ಕಿವಿಗಳೂ ನಿಮಿರಿದವು. ಸುದ್ದಿಗೆ ರೆಕ್ಕೆ ಇರುತ್ತದೆ ಎನ್ನುತ್ತಾರೆ. ಇಲ್ಲಿ ಅದಕ್ಕೆ ಬಸ್ಸೇ ಸಿಕ್ಕಿತು. ಮೊದಲ ನಿಲ್ದಾಣ ತಲುಪುವಾಗ ತೂತು ಇಪ್ಪತ್ತನಾಲ್ಕು ಮಿಲಿಮೀಟರೇ ಇತ್ತು. ಮೂರನೇ ನಿಲ್ದಾಣದಲ್ಲಿ ಇಪ್ಪತ್ತನಾಲ್ಕು ಸೆಂಟಿಮೀಟರ್ ಆಯಿತು. ಏಳನೆಯದರಲ್ಲಿ ಯಾರದೋ ಕಿವಿ ಕಳಚಿ ಬಿತ್ತು. ಕೊನೆಯ ನಿಲ್ದಾಣ ಮುಟ್ಟುವಷ್ಟರಲ್ಲಿ ಆ ಕಿವಿ ವಿಚಾರಣೆಯವರದೇ ಎಂದು ಖಚಿತವಾಗಿತ್ತು. ಆ ಬಸ್ಸಿನ ಕಂಡಕ್ಟರು ಸಂಜೆ ವಾಪಸ್ಸು ಬಂದವನೇ ಕಂಡಿಯಲ್ಲಿ ತಲೆ ತೂರಿಸಿ, "ಸ್ವಲ್ಪ ಆ ಕಡೆ ತಿರುಗಿ ಸಾರ್," ಅಂದ. ತಿರುಗಿದರು. "ಇದೆ," ಎಂದು ನಿರಾಶೆಯಿಂದ ಹೊರಟುಹೋದ.

ಮರುದಿನ ಬಸ್ಸುಗಳ ವೇಳಾಪಟ್ಟಿಯ ಕೆಳಗೆ ವಿಚಾರಣೆಯವರ ಕೈಬರಹದ ಫಲಕವೊಂದು ತೂಗಿತು: 'ಪ್ರಯಾಣಿಕರ ಗಮನಕ್ಕೆ: ಆರನೇ ನಂಬರ್ ಕಿವಿ ಹನಿ ಹಾಕಿಕೊಳ್ಳುವವರು ತಮ್ಮ ತಮ್ಮ ಕಿವಿಗಳಿಗೆ ತಾವೇ ಜವಾಬ್ದಾರರು.' ಅದರ ಕೆಳಗೆ, ಸಂದೇಹಕ್ಕೆ ಎಡೆಯಿಲ್ಲದಂತೆ, ಔಷಧಿಯ ಪೂರ್ತಿ ಹೆಸರು.

ಹದಿಮೂರನೇ ತಾರೀಖಿನ ಹೊತ್ತಿಗೆ ಔಷಧಿ ಅಂಗಡಿಗೆ ಹದಿನಾರು ಸೀಸೆ ವಾಪಸ್ಸು ಬಂದಿದ್ದವು. ಹದಿನಾಲ್ಕಕ್ಕೆ ಅಂಗಡಿಯವರೇ ಕೌಂಟರಿಗೆ ಬಂದರು. ತೆಳ್ಳಗಿನ ಮನುಷ್ಯ, ಆದರೆ ಸಿಟ್ಟು ಅಳತೆ ಮೀರಿದ್ದು.

"ಯಾವನ್ರೀ ಅವನು ನನ್ನ ಸೀಸೆಯಲ್ಲಿ ತೂತು ಕಂಡವನು?"

"ಸೀಸೆಯಲ್ಲಿ ಅಲ್ಲ, ಕಿವಿಯಲ್ಲಿ," ಎಂದು ವಿಚಾರಣೆಯವರು ಶಾಂತವಾಗಿ ತಿದ್ದಿದರು.

"ಇಪ್ಪತ್ತು ವರ್ಷದಿಂದ ಮಾರ್ತಿದ್ದೀನಿ, ಒಬ್ಬನ ಕಿವಿಯೂ ತೂತಾಗಿಲ್ಲ!"

"ಆದವರು ನಿಮಗೆ ಬಂದು ಹೇಳಿದರೂ ಅವರಿಗೆ ನಿಮ್ಮ ಉತ್ತರ ಕೇಳಿಸಲ್ಲ. ಅದಕ್ಕೇ ಬಂದಿಲ್ಲ."

ಅಂಗಡಿಯವರು ಅಲ್ಲಿಂದಲೇ ಹೋಗಿ ಔಷಧ ಇನ್‌ಸ್ಪೆಕ್ಟರಿಗೆ ದೂರು ಬರೆದರು. ಹದಿನೈದರ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದೇಬಂದರು. ಅಂಗಡಿಗೆ ಹೋಗಿ ಆ ಹದಿನಾರರ ಜೊತೆ ಅಲ್ಲಿ ಉಳಿದಿದ್ದ ಸೀಸೆಗಳನ್ನೂ ಪೆಟ್ಟಿಗೆಗೆ ಹಾಕಿಸಿ, ಅರಗು ಕಾಯಿಸಿ ಮೊಹರು ಒತ್ತಿ, ಸಾಕ್ಷಿಗೆಂದು ಮುಚ್ಚಳ ತೆರೆಯದ ಒಂದನ್ನು ಬೇರೆ ಮೊಹರು ಹಾಕಿ ಜೇಬಿಗಿಳಿಸಿ, ನೇರ ನಿಲ್ದಾಣದ ಮ್ಯಾನೇಜರ ಕೋಣೆಗೆ ಬಂದರು. ಮ್ಯಾನೇಜರು ಎದ್ದು ನಿಂತು ಕೂರುವುದನ್ನು ಮರೆತರು.

"ಸಾರ್, ಬಸ್ಸು ತಡವಾಗೋದು ಬಿಟ್ರೆ ನನ್ನ ನಿಲ್ದಾಣದಲ್ಲಿ ಇನ್ನೊಂದು ಅಪರಾಧ ಆಗಿಲ್ಲ."

"ನಿಮ್ಮ ನೌಕರ ಹೇಳಿದ್ದು ನಿಜ ಆದ್ರೆ ಕಂಪನಿ ಮೇಲೆ ಕ್ರಮ. ಸುಳ್ಳಾದ್ರೆ ನೌಕರನ ಮೇಲೆ," ಅಂದರು ಇನ್‌ಸ್ಪೆಕ್ಟರು.

ಮ್ಯಾನೇಜರು ವಿಚಾರಣೆಯವರ ಕಡೆ ತಿರುಗಿದರು. "ಸುಳ್ಳಾದ್ರೆ ಮೈಕಿನ ಆಸೆ ಬಿಟ್ಟುಬಿಡಿ. ಕಳೆದುಹೋದ ಸಾಮಾನಿನ ಗೋದಾಮಿಗೆ ಹಾಕ್ತೀನಿ. ಅಲ್ಲಿ ಕೊಡೆಗಳಿಗೆ ಉತ್ತರ ಹೇಳಿಕೊಂಡಿರಿ."

ಬಾಗಿಲ ಹೊರಗೆ ಒಂದು ಸಿಳ್ಳೆ ಕೇಳಿಸಿತು. ಬಹಳ ಇಂಪಾದ ಸಿಳ್ಳೆ. ವಿಚಾರಣೆಯವರಿಗೆ ಅದು ಬಲಗಿವಿಗೆ ಮಾತ್ರ ಕೇಳಿಸಿತು.

ಹೀಗೆ ಹದಿನೈದನೇ ತಾರೀಖು ಮಧ್ಯಾಹ್ನ ಲ್ಯಾಬಿನ ಕಿಟಕಿಯ ಮುಂದೆ ಒಂದು ಸಣ್ಣ ಮೆರವಣಿಗೆ ಬಂದು ನಿಂತಿತು: ಇನ್‌ಸ್ಪೆಕ್ಟರು, ಅಂಗಡಿಯವರು, ಮ್ಯಾನೇಜರು, ಲೆಕ್ಕದ ಪುಸ್ತಕದ ಸಮೇತ ಮೇಷ್ಟ್ರು, ಗಂಡನ ರಟ್ಟೆ ಬಿಗಿಹಿಡಿದ ಹೆಂಡತಿ, ರಟ್ಟೆ ಕೊಟ್ಟ ವಿಚಾರಣೆಯವರು. ಲ್ಯಾಬಿನ ಹುಡುಗಿ ಆರು ಮುಖಗಳನ್ನು ಒಟ್ಟಿಗೆ ಕಂಡು ರಿಜಿಸ್ಟರನ್ನು ಎದೆಗವಚಿಕೊಂಡಳು.

"ಈ ತೂತಿಗೆ ಯಾರು ಹೊಣೆ?" ಎಂದು ಇನ್‌ಸ್ಪೆಕ್ಟರು ಗುಡುಗಿದರು.

"ಯಾವ ತೂತು?" ಅಂದಳು ಅವಳು, ಕನ್ನಡಕದೊಳಗಿನಿಂದ.

ರಿಪೋರ್ಟು ನೋಡಿ, ಒಳಗೆ ಹೋಗಿ, ಟೇಪು ಸುತ್ತಿಟ್ಟಿದ್ದ ಅದೇ ತಟ್ಟೆ ತಂದು ಕಂಡಿಯ ಹತ್ತಿರ ಇಟ್ಟಳು. "ಮುಚ್ಚಳ ತೆಗೀತೀನಿ. ಬೂಷ್ಟಿನ ಬೀಜ ಹಾರುತ್ತೆ, ಉಸಿರು ಬಿಡಬೇಡಿ."

ಆರು ಜನವೂ ಉಸಿರು ಹಿಡಿದರು. ಅವಳು ಮುಚ್ಚಳ ತೆಗೆದು ತೋರಿಸಿ, ಮತ್ತೆ ಮುಚ್ಚಿದಳು. ಇನ್ನು ಬಿಡಬಹುದು ಎಂದು ಹೇಳುವುದು ಮಾತ್ರ ಅವಳಿಗೆ ಮರೆಯಿತು. ಮ್ಯಾನೇಜರು ಕೆಂಪಾಗಿ, ಆಮೇಲೆ ನೇರಳೆಯಾದಾಗ ಹೆಂಡತಿಯೇ, "ಬಿಡ್ರಿ ಸಾಕು," ಅಂದರು. ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರಿಗೆ ಕಿಟಕಿಯ ಗಾಜು ಮಂಜಾಯಿತು.

"ನೋಡಿದ್ರಲ್ಲ, ತೂತು," ಅಂದರು ಮೇಷ್ಟ್ರು.

"ಔಷಧಿ ತಿಂದುಹಾಕಿದೆ," ಅಂದರು ಇನ್‌ಸ್ಪೆಕ್ಟರು.

"ತಟ್ಟೆಯೇ ಕಳಪೆ," ಅಂದರು ಅಂಗಡಿಯವರು.

"ನಮ್ಮ ನಿಲ್ದಾಣಕ್ಕೂ ಇದಕ್ಕೂ ಸಂಬಂಧ ಇಲ್ಲ," ಅಂದರು ಮ್ಯಾನೇಜರು.

ನಾಲ್ಕು ಉತ್ತರಗಳು ಬಂದವು. ಪ್ರಶ್ನೆ ಒಂದೂ ಬರಲಿಲ್ಲ. ಹುಡುಗಿ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಳು. ಕೇಳದೆ ಹೇಳುವುದು ಅವಳ ಜಾಯಮಾನದಲ್ಲಿರಲಿಲ್ಲ. ಕೇಳಿ ತಿಳಿಯುವುದು ಎದುರಿನವರ ಜಾಯಮಾನದಲ್ಲಿರಲಿಲ್ಲ. ಹೀಗೇ ಬಿಟ್ಟಿದ್ದರೆ ಇವತ್ತಿಗೂ ಅವರು ಅಲ್ಲೇ ನಿಂತಿರುತ್ತಿದ್ದರೇನೋ.

ಅಷ್ಟರಲ್ಲಿ ಎಡಗಿವಿಯ ಆಳದಲ್ಲಿ ತುರಿಕೆ ಎದ್ದಿತು. ಎಂಥ ತುರಿಕೆ! ಒಂದು ಕೈ ಹೆಂಡತಿಯ ವಶದಲ್ಲಿ, ಇನ್ನೊಂದರಲ್ಲಿ ರಿಪೋರ್ಟು. ಹೆಂಡತಿ ಕಿವಿಯ ಹತ್ತಿರ ಬಾಯಿ ತಂದು, ಕೇಳಿಸುವ ಬಲಗಿವಿಯ ಹತ್ತಿರವೇ, ಮೆಲ್ಲಗೆ, "ಇವತ್ತು ಹದಿನೈದು ಕಣ್ರೀ," ಅಂದರು.

ವಿಚಾರಣೆಯವರು ಬಗ್ಗಿದರು. ಅರ್ಧಚಂದ್ರಾಕಾರದ ಕಂಡಿಗೆ ಬಾಯಿ ತರಬೇಕಾದರೆ ಸೊಂಟ ಎಷ್ಟು ಬಗ್ಗಬೇಕು, ಕತ್ತು ಹೇಗೆ ಓರೆಯಾಗಬೇಕು ಎಂಬುದು ಅವರಿಗೆ ಮೊದಲ ಸಲ ಗೊತ್ತಾಯಿತು. ಹತ್ತೊಂಬತ್ತು ವರ್ಷ ಷೆಡ್ಡಿನಲ್ಲಿ ನಿಂತ ಬಸ್ಸು ಕೆಮ್ಮಿ, ನಡುಗಿ, ಹೊಗೆ ಬಿಟ್ಟು ಹೊರಡುವ ಹಾಗೆ ಅವರ ಬಾಯಿಂದ ಒಂದು ವಾಕ್ಯ ಹೊರಟಿತು:

"ಅಮ್ಮಾ... ಇದರ... ಅರ್ಥ ಏನು?"

ಹುಡುಗಿಯ ಮುಖ ಅರಳಿತು. "ಈ ಕಪ್ಪು ಇದೆಯಲ್ಲ ಸಾರ್, ಇದು ನಿಮ್ಮ ಕಿವಿ ಅಲ್ಲ. ನಿಮ್ಮ ಬೂಷ್ಟು. ನಾವೇ ಬೆಳೆಸಿದ್ದು. ಔಷಧಿ ಬಿಲ್ಲೆ ಇಟ್ಟ ಕಡೆ ಬೂಷ್ಟು ಬೆಳೆಯೋಕೆ ಹೆದರಿದರೆ ಜಾಗ ಖಾಲಿ ಬೀಳುತ್ತೆ. ತೂತಲ್ಲ ಸಾರ್ ಅದು, ಖಾಲಿ ಜಾಗ. ಜಾಸ್ತಿ ಖಾಲಿ ಅಂದ್ರೆ ಬೂಷ್ಟು ಜಾಸ್ತಿ ದೂರ ಓಡಿದೆ ಅಂತ."

"ಹಾಗಾದ್ರೆ..." ವಿಚಾರಣೆಯವರಿಗೆ ಎರಡನೇ ಪ್ರಶ್ನೆ ಮೊದಲಿನದಕ್ಕಿಂತ ಸಲೀಸಾಗಿ ಬಂತು. "ಹಾಗಾದ್ರೆ ಸೊನ್ನೆ?"

"ನೋಡಿ, ಬಿಲ್ಲೆ ಮೇಲೇ ಹತ್ತಿ ಕೂತಿದೆ. ಆ ನಾಲ್ಕು ಔಷಧಿಗೆ ಅದು ಕ್ಯಾರೇ ಅಂದಿಲ್ಲ."

"ನಾನು ಒಂದು ವಾರದಿಂದ ಆ ನಾಲ್ಕನ್ನೂ ದಿನಾ ಹಾಕ್ತಿದ್ದೀನಲ್ಲಮ್ಮ?"

ಹುಡುಗಿ ಸ್ವಲ್ಪ ಯೋಚಿಸಿ, ಪ್ರಾಮಾಣಿಕವಾಗಿ, "ಬೂಷ್ಟು ಚೆನ್ನಾಗಿರಬೇಕು," ಅಂದಳು.

ಲೆಕ್ಕದ ಮೇಷ್ಟ್ರು ಪುಸ್ತಕ ಮುಚ್ಚಿದರು. ಸೋಲನ್ನು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಇದನ್ನೆಲ್ಲ ರಿಪೋರ್ಟಲ್ಲಿ ಯಾಕೆ ಬರೆದಿಲ್ಲ? ಎಷ್ಟಕ್ಕೆ ಪಾಸು, ಎಷ್ಟಕ್ಕೆ ಫೇಲು ಅಂತ ಹಾಕಬೇಕು ತಾನೆ?"

"ಈ ಬೂಷ್ಟಿಗೆ, ಈ ಬಿಲ್ಲೆ ಪರೀಕ್ಷೆಯಲ್ಲಿ, ಇಷ್ಟಕ್ಕೇ ಪಾಸು ಅಂತ ಎಲ್ಲರೂ ಒಪ್ಪಿದ ಗೆರೆ ಇಲ್ಲ ಸಾರ್. ಅದಕ್ಕೇ ಬರೀ ಅಳತೆ ಬರೀತೀವಿ. ಉಳಿದದ್ದು ಡಾಕ್ಟರು ನೋಡ್ತಾರೆ."

"ಡಾಕ್ಟರು ಊರಲ್ಲಿ ಇಲ್ಲದಿದ್ರೆ?"

"ಕೇಳಬಹುದು," ಅಂದಳು ಹುಡುಗಿ.

ಅಂಗಡಿಯವರು ಎದೆ ಉಬ್ಬಿಸಿಕೊಂಡು ಒಂದು ಅಂಗುಲ ಎತ್ತರವಾದರು.

"ಸರಿ ಬಿಡಿ," ಅಂದರು ಹೆಂಡತಿ. "ಈಗ ಆ ಆರನೇ ನಂಬರ್ ಒಂದು ಸೀಸೆ ಕೊಡಿ. ಇವತ್ತೇ ಶುರು ಮಾಡಬೇಕು."

ಅಂಗಡಿಯವರ ಎತ್ತರ ಇಳಿಯಿತು. "ಎಲ್ಲಿಂದ ಕೊಡಲಮ್ಮ? ಇದ್ದದ್ದೆಲ್ಲ ಸೀಲಾಗಿದೆ. ಹೊಸದು ಬರೋಕೆ ವಾರ ಆಗುತ್ತೆ."

"ಸೀಲ್ ತೆಗೆಯೋಕೆ ಮೇಲಿನ ಕಚೇರಿಯಿಂದ ಕಾಗದ ಬರಬೇಕು," ಅಂದರು ಇನ್‌ಸ್ಪೆಕ್ಟರು. "ನಾಲ್ಕು ದಿನ."

ಎಲ್ಲರೂ ವಿಚಾರಣೆಯವರನ್ನು ನೋಡಿದರು. ಊರಿನಲ್ಲಿ ಆರನೇ ನಂಬರ್ ಹನಿಗೆ ಬೀಗ ಹಾಕಿಸಿದ ಮಹಾನುಭಾವ ಇವರೇ. ಆ ಹನಿ ಬೇಕಾದವರೂ ಇವರೇ. ಅವರು ಇನ್‌ಸ್ಪೆಕ್ಟರ ಜೇಬಿನ ಕಡೆ ನೋಡುತ್ತಾ ಮೂರನೇ... ಅಲ್ಲ, ಎಣಿಸಿದರೆ ನಾಲ್ಕನೇ ಪ್ರಶ್ನೆ ಕೇಳಿದರು.

"ಸಾರ್, ಜೇಬಲ್ಲಿರೋದು ಕೊಡ್ತೀರಾ?"

"ಇದು ಸಾಕ್ಷಿ!"

"ಕೇಸೇ ಇಲ್ಲದ ಮೇಲೆ ಯಾತಕ್ಕೆ ಸಾಕ್ಷಿ?" ಅಂದರು ಹೆಂಡತಿ.

ಇನ್‌ಸ್ಪೆಕ್ಟರು ಜೇಬಿನಿಂದ ಸೀಸೆ ತೆಗೆದರು. ಆಮೇಲೆ ಮೂರು ಪ್ರತಿಯಲ್ಲಿ ಸಹಿ ಹಾಕಿಸಿಕೊಂಡು, ಮೊಹರು ಒಡೆದು ಸೀಸೆ ಕೊಟ್ಟರು. ಸಾಕ್ಷಿಯನ್ನು ತನ್ನ ಕಿವಿಗೇ ಬಿಟ್ಟುಕೊಂಡ ಮೊದಲ ಆರೋಪಿ ಎಂದು ವಿಚಾರಣೆಯವರ ಹೆಸರು ಆ ಇಲಾಖೆಯಲ್ಲಿ ಈಗಲೂ ಓಡಾಡುತ್ತದಂತೆ.

ಫಲಕ ಅವತ್ತೇ ಇಳಿಯಿತು. ಅದಕ್ಕಿಂತ ಕಷ್ಟದ ಕೆಲಸ ಅಜ್ಜಿಯನ್ನು ಹುಡುಕುವುದು. ವಿಚಾರಣೆಯವರು ಹತ್ತೂಕಾಲಿನ ಬಸ್ಸಿನ ಹತ್ತಿರ ಮೂರು ದಿನ ಕಾದು, ನಾಲ್ಕನೇ ದಿನ ಅವರನ್ನು ಹಿಡಿದರು.

"ತಾಯೀ, ನಾನು ಹೇಳಿದ್ದು ತಪ್ಪು. ನಿಮ್ಮ ಕಿವಿ ಹೇಗಿದೆ?"

"ವಾಸಿಯಾಗ್ತಾ ಇದೆ. ಹನಿ ಹಾಕ್ತಾನೇ ಇದ್ದೀನಲ್ಲ."

"ನಾನು ಬೇಡ ಅಂದಿದ್ದೆನಲ್ಲ?"

"ನೀನು ಹತ್ತೂಕಾಲು ಅಂದ ಬಸ್ಸು ಹನ್ನೊಂದೂವರೆಗೆ ಬಂತು," ಅಂದರು ಅಜ್ಜಿ ಬಸ್ಸು ಹತ್ತುತ್ತಾ. "ಬಸ್ಸಿನ ವಿಷಯದಲ್ಲೇ ನಿನ್ನ ನಂಬದವಳು ಕಿವಿ ವಿಷಯದಲ್ಲಿ ನಂಬ್ತೀನಾ?"

ಹದಿನೆಂಟಕ್ಕೆ ಡಾಕ್ಟರು ಬಂದು ಕಿವಿ ಚೊಕ್ಕ ಮಾಡಿದರು. ಹೆಂಡತಿ ಗಡಿಯಾರ ಹಿಡಿದು ನಿಂತು ಹನಿ ಹಾಕಿದರು. ತುರಿಕೆ ನಾಲ್ಕೇ ದಿನಕ್ಕೆ ನಿಂತಾಗ ವಿಚಾರಣೆಯವರ ಕೈ ಹಳೇ ಅಭ್ಯಾಸದಂತೆ ಮುಚ್ಚಳ ಹುಡುಕಿತು. ಮುಚ್ಚಳ ಹೆಂಡತಿಯ ಸೊಂಟದಲ್ಲಿ ಭದ್ರವಾಗಿತ್ತು.

ಈ ನಡುವೆ ಪ್ರಶ್ನೆ ಕೇಳುವ ಚಟ ವಿಚಾರಣೆಯವರಿಗೆ ಹತ್ತಿಬಿಟ್ಟಿತ್ತು. ಒಂದು ಮಧ್ಯಾಹ್ನ ಗಾಜಿನ ಗೂಡಿಗೆ ಹೋದವರು, ಘೋಷಣೆ ತಾತ ಹೆಡ್‌ಫೋನ್ ಸರಿಸಿ ಕಿರುಬೆರಳಿನಿಂದ ಕಿವಿ ಕೆದಕಿಕೊಳ್ಳುವುದನ್ನು ಕಂಡು, "ತಾತ, ತುರಿಸುತ್ತಾ?" ಅಂದರು.

"ಹನ್ನೆರಡು ವರ್ಷದಿಂದ," ಅಂದರು ತಾತ ಹೆಮ್ಮೆಯಿಂದ. "ಮೈಕಿನ ಮುಂದೆ ಕೂತವರಿಗೆಲ್ಲ ಹೀಗೇ ಅಂದ್ಕೊಂಡಿದ್ದೆ. ನಾಲ್ಕು ಥರ ಹನಿ ಹಾಕಿ ನೋಡಿದೆ, ಎರಡೆರಡು ದಿನ. ಯಾವುದೂ ನಾಟಲಿಲ್ಲ."

ತಾತನ ಕಿವಿಯ ಕಸ ಲ್ಯಾಬಿಗೆ ಹೋಯಿತು. ಹುಡುಗಿಗೆ ಏನನ್ನಿಸಿತೋ, ಹೆಡ್‌ಫೋನಿನ ಹಳೇ ಸ್ಪಂಜನ್ನೂ ತರಿಸಿಕೊಂಡಳು. ಒಂದು ವಾರಕ್ಕೆ ಎರಡು ರಿಪೋರ್ಟು ಬಂದವು. ತಾತನದು: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂಬತ್ತು, ಇಪ್ಪತ್ತನಾಲ್ಕು. ಸ್ಪಂಜಿನದು: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂಬತ್ತು, ಇಪ್ಪತ್ತನಾಲ್ಕು.

ಲೆಕ್ಕದ ಮೇಷ್ಟ್ರು ಮೂರೂ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮೂವತ್ತೈದು ವರ್ಷದ ಅನುಭವ ಹಾಗೇ ಸುಮ್ಮನೆ ಹೋಗುತ್ತದೆಯೇ? "ಆರೂ ವಿಷಯದಲ್ಲಿ ಮೂವರಿಗೂ ಒಂದೇ ಮಾರ್ಕು!" ಎಂದು ಗುಡುಗಿದರು. "ಕಾಪಿ ಹೊಡೆದಿದ್ದಾರೆ!"

ಈ ಒಂದು ವಿಷಯದಲ್ಲಿ ಮೇಷ್ಟ್ರು ಹೇಳಿದ್ದು ಸರಿಯಾಗಿಯೇ ಇತ್ತು: ತರಬೇತಿಯ ವಾರ ವಿಚಾರಣೆಯವರು ಕಿವಿಗೆ ಏರಿಸಿಕೊಂಡಿದ್ದು ತಾತನ ಹೆಡ್‌ಫೋನನ್ನೇ. ಹೆಡ್‌ಫೋನ್ ಬದಲಾಯಿತು. ತಾತನ ನಿವೃತ್ತಿಗೆ ಆರನೇ ನಂಬರ್ ಸೀಸೆಯೊಂದನ್ನು ಉಡುಗೊರೆಯಾಗಿ ಕೊಟ್ಟರು.

ಇಪ್ಪತ್ತೈದನೇ ತಾರೀಖಿನ ಕಿವಿ ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಎಡಗಿವಿಗೆ ಅಂದು ಕೇಳಿಸದ್ದು ಏನೂ ಇರಲಿಲ್ಲ. ಮುಚ್ಚಿದ ಬಾಗಿಲಾಚೆ, ಕಾರಿಡಾರಿನ ಕೊನೆಯಲ್ಲಿ, ಸಿಳ್ಳೆಯ ಸಿಳ್ಳೆ ಅರ್ಧಕ್ಕೇ ನಿಂತುಹೋದದ್ದು ಕೂಡ ಸ್ಪಷ್ಟವಾಗಿ ಕೇಳಿಸಿತು. ಸಿಳ್ಳೆಗೆ ವಿಚಾರಣೆಯ ಕಿಟಕಿ ಕೊಟ್ಟರು. ಬಸ್ಸು ಬರುತ್ತದಾ ಎಂದು ಕೇಳಿದರೆ ಮೇಲಕ್ಕೆ ಏರುವ ಸಿಳ್ಳೆ, ಬರುವುದಿಲ್ಲ ಎಂದಾದರೆ ಕೆಳಕ್ಕೆ ಇಳಿಯುವ ಸಿಳ್ಳೆ. ಮೊದಲಿನದಕ್ಕಿಂತ ಇದೇ ಮೇಲು ಎಂದು ಅಜ್ಜಿ ಹೇಳಿದರಂತೆ.

ಒಂದನೇ ತಾರೀಖು ಬೆಳಿಗ್ಗೆ ಹತ್ತು ಗಂಟೆ. ನಿಲ್ದಾಣ ಜನದಿಂದ ತುಂಬಿ ಗಿಜಿಗುಡುತ್ತಿತ್ತು. ಬೆಂಚಿನ ಮೇಲೆ, ಗೂಡಿಗೆ ನೇರ ಕಾಣುವಂತೆ, ಹೆಂಡತಿ ಬಂದು ಕೂತಿದ್ದರು, ಪಕ್ಕದಲ್ಲಿ ಮೇಷ್ಟ್ರು. ಒಗೆದು ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಿಚಾರಣೆಯವರು ಗಾಜಿನ ಗೂಡಿನೊಳಗೆ ಕೂತು, ಹೊಸ ಹೆಡ್‌ಫೋನನ್ನು ಎರಡೂ ಕಿವಿಗೆ ಏರಿಸಿ, ಗಂಟಲು ಸರಿಮಾಡಿಕೊಂಡರು. ಹತ್ತೊಂಬತ್ತು ವರ್ಷದ ಆಸೆ. ಎದುರಿಗೆ ಮೈಕು, ಮೈಕಿನ ಬುಡದಲ್ಲಿ ತರಬೇತಿಯ ವಾರದಲ್ಲಿ ಇಲ್ಲದಿದ್ದ ಕೆಂಪು ಗುಂಡಿಯೊಂದು. ಹೊಸ ಹೆಡ್‌ಫೋನಿನ ಜೊತೆಗೇ ಬಂದದ್ದು. ಹಳೆಯ ವಿಚಾರಣೆಯವರಾಗಿದ್ದರೆ ಅದು ಏನೆಂದು ತಾವೇ ತೀರ್ಮಾನ ಮಾಡಿಬಿಡುತ್ತಿದ್ದರು. ಹೊಸಬರು ಹಾಗಲ್ಲ. ತಂತಿ ಸುತ್ತುತ್ತಿದ್ದ ಎಲೆಕ್ಟ್ರಿಷಿಯನ್ನಿನ ಕಡೆ ವಿನಯದಿಂದ ತಿರುಗಿ, ಬೆರಳನ್ನು ಗುಂಡಿಯ ಮೇಲಿಟ್ಟು, ಕೇಳಿದರು.

ನಿಲ್ದಾಣದ ಮೂವತ್ತೆರಡು ಸ್ಪೀಕರುಗಳಲ್ಲಿ, ಒಂದನೇ ಪ್ಲಾಟ್‌ಫಾರಮ್ಮಿನಿಂದ ಹದಿನಾಲ್ಕರವರೆಗೆ, ಶೌಚಾಲಯದಲ್ಲೂ ಗೋದಾಮಿನಲ್ಲೂ, ಆ ದನಿ ಮೊಳಗಿತು:

"ಅಣ್ಣಾ, ಈ ಗುಂಡಿ ಒತ್ತಿದ್ರೆ ಏನಾಗುತ್ತೆ?"

ಓಡುತ್ತಿದ್ದವರು ನಿಂತರು. ಮಲಗಿದ್ದವರು ಎದ್ದರು. ಆಮೇಲೆ ಮೂರನೇ ಪ್ಲಾಟ್‌ಫಾರಮ್ಮಿನ ಹತ್ತೂಕಾಲಿನ ಬಸ್ಸಿನ ಕಿಟಕಿಯಿಂದ ಕಿವಿಗೆ ಹತ್ತಿ ಇಲ್ಲದ ಅಜ್ಜಿಯೊಬ್ಬರು ತಲೆ ಹೊರಗೆ ಹಾಕಿ ಕೂಗಿ ಹೇಳಿದರು:

"ನಮಗೆಲ್ಲ ಕೇಳಿಸುತ್ತಪ್ಪಾ!"